ಕವಳದ ಬಟ್ಟಲಿನ ಪಕ್ಕ ಮೈಕು

ಪ್ರಶ್ನೆ: ಕಿರಿ ಮಗಳು ಟಿವಿಯ ಹಾಡಿನ ಸ್ಪರ್ಧೆಯಲ್ಲಿ ಕೊನೆಯ ಸುತ್ತಿಗೆ ಬಂದಾಗಿನಿಂದ ಮನೆ ತುಂಬ ಕ್ಯಾಮೆರಾದವರು. ಮೊನ್ನೆ ಒಬ್ಬ ಜಗಲಿಯಲ್ಲಿ ನಮ್ಮ ಅತ್ತೆಯವರ ಜೊತೆ ಎಲೆ-ಅಡಿಕೆಯ ಕವಳ ಹಾಕುತ್ತ ಕೂತು, ಹಿರಿ ಮಗಳ ವಿಚ್ಛೇದನದ ಕಥೆಯನ್ನೆಲ್ಲ ಬಾಯಿ ಬಿಡಿಸಿದ. ರಾತ್ರಿ ಚಾನೆಲ್‌ನಲ್ಲಿ ಅದೇ ಸುದ್ದಿ! ಹಿರಿಯವಳು ಪೇಟೆಗೆ ಹೋಗುವುದನ್ನೇ ಬಿಟ್ಟಿದ್ದಾಳೆ. ಏನು ಮಾಡಲಿ?
– ಒಬ್ಬ ತಾಯಿ, ಶಿರಸಿ ಸೀಮೆ

ಉತ್ತರ: ತಂಗೀ, ಹಾಡಿದವಳು ಕಿರಿಯವಳು. ಹಿರಿಯವಳ ಸಂಸಾರ ಇವರಿಗೇಕೆ? ಮದುವೆ, ಮನೆತನದ ವಿಷಯವನ್ನು ಒಪ್ಪಿಗೆಯಿಲ್ಲದೆ ಪ್ರಕಟಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1994ರಲ್ಲೇ, ರಾಜಗೋಪಾಲ್ ಪ್ರಕರಣದಲ್ಲಿ ಹೇಳಿದೆ. ಸಾರ್ವಜನಿಕ ದಾಖಲೆಗೆ ಅದರಲ್ಲಿ ವಿನಾಯಿತಿ ಇದೆ, ನಿಜ. ಆದರೆ ಅಜ್ಜಿಯ ಮಾತು ದಾಖಲೆಯಲ್ಲವಲ್ಲ! ಮೇಲಾಗಿ ಹಿಂದೂ ವಿವಾಹ ಕಾಯ್ದೆಯ 22ನೇ ಕಲಮಿನ ಪ್ರಕಾರ ಇಂಥ ಪ್ರಕರಣಗಳ ವಿಚಾರಣೆಯೇ ಗುಟ್ಟಾಗಿ ನಡೆಯಬೇಕು, ಅದರ ವಿವರ ಪ್ರಕಟಿಸುವುದು ಅಪರಾಧ. ದಂಡ ಮಾತ್ರ ಹೆಚ್ಚೆಂದರೆ 1,000 ರೂಪಾಯಿ. ಅಷ್ಟಕ್ಕೆ ಈಗ ಎಷ್ಟು ಕಿಲೋ ಚಾಲಿ ಅಡಿಕೆ ಬಂದೀತು, ನಿಮಗೇ ಗೊತ್ತು.

ಆದ್ದರಿಂದ ಮೊದಲು ಚಾನೆಲ್‌ಗೇ ಬರೆಯಿರಿ. ಕಾರ್ಯಕ್ರಮದ ಹೆಸರು, ತಾರೀಕು, ಹೊತ್ತು ಇರಲಿ. ದೂರು ಹಿರಿಯವಳ ಹೆಸರಿನಲ್ಲೇ ಹೋಗಲಿ, ಅವಳಿಗೆ ಮನಸ್ಸಿದ್ದರೆ ಮಾತ್ರ. 15 ದಿನದೊಳಗೆ ಅವರು ಉತ್ತರ ಕೊಡಬೇಕು. ಸಮಾಧಾನವಾಗದಿದ್ದರೆ ಮತ್ತೆ 15 ದಿನದೊಳಗೆ ಚಾನೆಲ್‌ಗಳ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ. ಪ್ರೆಸ್ ಕೌನ್ಸಿಲ್‌ಗೆ ಬರೆದು ಪ್ರಯೋಜನವಿಲ್ಲ, ಅದು ಪತ್ರಿಕೆಗಳಿಗೆ ಮಾತ್ರ.

ಅತ್ತೆಯವರನ್ನು ಬೈಯಬೇಡಿ. ಬಂದವರನ್ನು ಮಾತಾಡಿಸದೇ ಕಳಿಸಿ ಅವರಿಗೆ ರೂಢಿಯಿಲ್ಲ. ಇನ್ನು ಮೇಲೆ ಕ್ಯಾಮೆರಾದವರು ಬಂದರೆ ಅಂಗಳದಲ್ಲೇ ಕುರ್ಚಿ ಹಾಕಿಸಿ, ಮಾತಾಡುವವರು ನೀವೊಬ್ಬರೇ ಆಗಿ.