ಸಂಪ್ರದಾಯಕ್ಕೆ ಅಂತ ಮಾಡುವುದೂ ಪ್ರೀತಿನಾ?

ನೀವು ಕೇಳಿರುವುದು ಎರಡು ವಿಷಯ. ತಾಯಿ ಪ್ರೀತಿ, ಗಂಡ ಹೆಂಡತಿ ಪ್ರೀತಿ, ಅಣ್ಣ ತಂಗಿ ಪ್ರೀತಿ, ದೇವರ ಮೇಲಿನ ಪ್ರೀತಿ, ಎಲ್ಲದಕ್ಕೂ ಅರ್ಥ ಒಂದೇನಾ ಅನ್ನುವುದು ಒಂದು. ನಿಮ್ಮಣ್ಣ ವರ್ಷಕ್ಕೊಮ್ಮೆ ಗೌರಿ ಹಬ್ಬಕ್ಕೆ ಸೀರೆ ಕೊಟ್ಟು ಹೋಗುತ್ತಾರೆ, ಉಳಿದ ದಿನ ಒಂದು ಫೋನೂ ಇಲ್ಲ, ಇದನ್ನೂ ಪ್ರೀತಿ ಅನ್ನಬೇಕಾ ಅನ್ನುವುದು ಇನ್ನೊಂದು. ನಿಮ್ಮನ್ನು ಕಾಡುತ್ತಿರುವುದು ಎರಡನೆಯದೇ ಇರಬೇಕು, ಅಲ್ವಾ? ಅಲ್ಲಿಂದಲೇ ಶುರು ಮಾಡುತ್ತೇನೆ.

ಅನ್ನಬಹುದು. ಮನಸ್ಸು ಉಕ್ಕಿ ಬಂದಾಗ ಮಾಡಿದ್ದಷ್ಟೇ ಪ್ರೀತಿ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಸಿನಿಮಾ ನೋಡಿ ನೋಡಿ ಹಾಗಾಗಿದೆಯೋ ಏನೋ. ನನಗೆ ಮಾತ್ರ, ಮನಸ್ಸು ಮುರಿದಿದ್ದಾಗಲೂ ತಪ್ಪಿಸದೆ ಮಾಡಿದ್ದರ ಮೇಲೆ ನಂಬಿಕೆ ಜಾಸ್ತಿ.

ನಮ್ಮ ಮನೆಯದನ್ನೇ ಹೇಳುತ್ತೇನೆ. ಅಮ್ಮನ ತವರು ತುಮಕೂರು ಕಡೆ ಒಂದು ಹಳ್ಳಿ. ಗೌರಿ ಹಬ್ಬ ಹತ್ತಿರ ಬಂತೆಂದರೆ ಸೋದರಮಾವ ಬಾಗಿನ ತಗೊಂಡು ಬಸ್ಸಲ್ಲಿ ಬರುತ್ತಿದ್ದರು. ಚೀಲದಲ್ಲಿ ಸೀರೆ, ರವಿಕೆ ಕಣ, ಹಸಿರು ಬಳೆ, ಅರಿಶಿನ ಕುಂಕುಮ, ತೆಂಗಿನಕಾಯಿ, ತೋಟದ ವೀಳ್ಯದೆಲೆ. ಎಲೆ ಬಾಡದ ಹಾಗೆ ಒದ್ದೆ ಬಟ್ಟೆಯಲ್ಲಿ ಸುತ್ತಿರುತ್ತಿದ್ದರು. ಅಮ್ಮ ಸೀರೆ ಕಡೆ ಆಮೇಲೆ ನೋಡುತ್ತಿದ್ದಳು. ಮೊದಲು ಆ ಬಟ್ಟೆ ಬಿಚ್ಚಿ ಎಲೆ ಮೂಸುತ್ತಿದ್ದಳು.

ತಾತ ತೀರಿಹೋದ ಮೇಲೆ ಜಮೀನಿನ ಮಾತು ಬಂತು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿಯಾಗಿ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಪಾಲು ಮಗಳಿಗೂ ಇದೆ ಅಂತಾಗಿತ್ತು. (ಕರ್ನಾಟಕದಲ್ಲಿ 1994ರಲ್ಲೇ ಅಂಥ ಕಾನೂನು ಬಂದಿತ್ತು. ಆದರೆ ಅಷ್ಟರೊಳಗೆ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಅದು ಹೊರಗಿಟ್ಟಿತ್ತು.) ಮಾವ ಹಕ್ಕು ಬಿಡುಗಡೆ ಪತ್ರ, ಅಂದರೆ ಅಮ್ಮ ತನ್ನ ಪಾಲು ಬಿಟ್ಟುಕೊಟ್ಟಿದ್ದಾಳೆ ಅನ್ನುವ ಪತ್ರ, ಬರೆಸಿಕೊಂಡು ಬಂದರು. ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು ಇಸ್ಕೊಂಡು, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಸೈನ್ ಹಾಕಿ ಬರುವುದು ನಮ್ಮ ಕಡೆ ಮಾಮೂಲು. ಅಮ್ಮ ಹಾಕಲಿಲ್ಲ. "ಹಾಕ್ದೆ ಇದ್ರೆ ತವರು ಮರೆತುಬಿಡು" ಅಂದರು ಮಾವ. ಅಮ್ಮ ಪಾಲು ಕೇಳಿ ಕೋರ್ಟಿಗೆ ಹೋದಳು.

ಆ ವರ್ಷ ಹಬ್ಬಕ್ಕೆ ಮಾವ ಬರಲಿಲ್ಲ, ಪೋಸ್ಟ್‌ಮ್ಯಾನ್ ಬಂದ. ಮನಿ ಆರ್ಡರ್. ಸಮಾಚಾರ ಬರೆಯುವ ಪುಟ್ಟ ಜಾಗದಲ್ಲಿ ಮಾವನ ಅಕ್ಷರದಲ್ಲಿ "ಗೌರಿ ಬಾಗಿನಕ್ಕೆ" ಅಂತಷ್ಟೇ ಇತ್ತು. ಕ್ಷೇಮ ಇಲ್ಲ, ಆಶೀರ್ವಾದ ಇಲ್ಲ. ಬಿಡುಗಡೆ ಪತ್ರಕ್ಕೆ ಹಾಕದ ಸೈನನ್ನು ಅಮ್ಮ ಅದಕ್ಕೆ ಹಾಕಿದಳು. ಆ ದುಡ್ಡಲ್ಲೇ ಹೋಗಿ ಬಳೆ ತೊಟ್ಟು ಬಂದಳು. ಕೇಸ್ ನಡೆದಷ್ಟು ವರ್ಷವೂ ಹೀಗೇ. ಕೋರ್ಟಲ್ಲಿ ಎದುರಾದರೆ ಇಬ್ಬರೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಭಾದ್ರಪದ ಬಂದರೆ ದುಡ್ಡು ಬರುತ್ತಿತ್ತು.

ಊರವರ ಬಾಯಿಗೆ ಹೆದರಿ ಕಳಿಸಿರಬಹುದು. ಬಾಗಿನ ನಿಲ್ಲಿಸಿದರೆ ಮನೆಗೆ ಒಳ್ಳೆಯದಾಗಲ್ಲ ಅನ್ನುವ ಭಯವೂ ಇದ್ದೀತು. ಇರಲಿ ಬಿಡಿ. ಮಾತು ನಿಂತು, ಹೋಗಿ ಬರುವುದೂ ನಿಂತ ಮೇಲೆ ಅವರಿಬ್ಬರ ಮಧ್ಯೆ ಉಳಿದಿದ್ದು ಅದೊಂದೇ. ಕೊನೆಗೆ ಲೋಕ ಅದಾಲತ್‌ನಲ್ಲಿ ರಾಜಿಯಾಗಿ ಅಮ್ಮನಿಗೆ ತೆಂಗಿನ ತೋಟದಲ್ಲಿ ಒಂದು ಪಾಲು ಬಂತು. ಅದಾದ ಮೇಲಿನ ಹಬ್ಬಕ್ಕೆ ಮಾವ ಖುದ್ದಾಗಿ ಬಂದರು. ಕ್ಷಮೆ ಗಿಮೆ ಯಾರೂ ಕೇಳಲಿಲ್ಲ. ಊಟಕ್ಕೆ ಕೂತು, ಸಾರಿಗೆ ಉಪ್ಪು ಜಾಸ್ತಿಯಾಗಿದೆ ಅಂದರು.

ಹಾಗಂತ ಮಾವ ಮಾಡಿದ್ದೆಲ್ಲ ಸರಿ ಅನ್ನುತ್ತಿಲ್ಲ. "ಸೈನ್ ಹಾಕು, ಇಲ್ಲಾಂದ್ರೆ ತವರು ಮರಿ" ಅನ್ನುವುದು ಪ್ರೀತಿ ತೋರಿಸಿ ಚೌಕಾಸಿ ಮಾಡುವುದು, ಅಷ್ಟೇ. ತಂಗಿ ಪಾಲು ಕೇಳಿದರೆ ಅವಳಿಗೆ ನಮ್ಮ ಮೇಲೆ ಪ್ರೀತಿಯೇ ಇಲ್ಲ ಅನ್ನುತ್ತಾರೆ. ಅವಳ ಪಾಲನ್ನೂ ಅಣ್ಣನೇ ಇಟ್ಟುಕೊಂಡರೆ ಈ ಮಾತು ಯಾಕೋ ಯಾರ ಬಾಯಲ್ಲೂ ಬರುವುದಿಲ್ಲ. ಅಪ್ಪ 2005ಕ್ಕೆ ಮುಂಚೆ ತೀರಿಹೋಗಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಇರುತ್ತದೆ ಅಂತ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹಕ್ಕು ಕೇಳಿದ ಅಮ್ಮನಿಗೂ ಅಣ್ಣ ಬೇಕಿತ್ತು. ಬೇಡವಾಗಿದ್ದರೆ ಮನಿ ಆರ್ಡರ್ ವಾಪಸ್ ಕಳಿಸುತ್ತಿದ್ದಳು.

ಇನ್ನು ನಿಮ್ಮ ಮೊದಲ ಪ್ರಶ್ನೆ. ತಾಯಿ ಪ್ರೀತಿ ಒಂದು ಕಡೆ, ದಾಂಪತ್ಯ ಇನ್ನೊಂದು ಕಡೆ ಅಂತ ಗೆರೆ ಎಳೆಯುವುದು ಕಷ್ಟ. ಸಾಲುಮರದ ತಿಮ್ಮಕ್ಕನವರನ್ನೇ ನೋಡಿ. ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿಗೆ ಹೋಗುವ ದಾರಿಯಲ್ಲಿ, ಸುಮಾರು 4 ಕಿಲೋಮೀಟರ್ ಉದ್ದಕ್ಕೆ 385 ಆಲದ ಮರ. ಮಕ್ಕಳಿಲ್ಲದ ತಾಯಿ ಮರಗಳನ್ನೇ ಮಕ್ಕಳಂತೆ ಸಾಕಿದರು ಅಂತ ಎಲ್ಲರೂ ಹೇಳುತ್ತಾರೆ, ನಿಜವೇ. ಆದರೆ ನನ್ನ ಕಣ್ಣು ಹೋಗುವುದು ಅವರ ಗಂಡ ಚಿಕ್ಕಯ್ಯನವರ ಕಡೆ. ಇಬ್ಬರೂ ಕೂಲಿ ಮಾಡಿ ಬದುಕಿದವರು. ಗುಂಡಿ ತೋಡಿ, ಬಿಂದಿಗೆಯಲ್ಲಿ ನೀರು ಹೊತ್ತು, ದನ ಮೇಯದ ಹಾಗೆ ಸುತ್ತ ಮುಳ್ಳು ಕಟ್ಟಿದ್ದು ಇಬ್ಬರೂ ಸೇರಿ. ಮಕ್ಕಳಾಗಲಿಲ್ಲ ಅಂತ ಹೆಂಡತಿಯನ್ನು ತವರಿಗೆ ಕಳಿಸಿ ಇನ್ನೊಂದು ಮದುವೆಯಾಗುವುದು ದೊಡ್ಡ ವಿಷಯವೇ ಅಲ್ಲದ ಕಾಲದಲ್ಲಿ ಈ ಮನುಷ್ಯ ಅವರ ಜೊತೆ ಬಿಂದಿಗೆ ಹೊತ್ತರು. ಚಿಕ್ಕಯ್ಯ 1991ರಲ್ಲಿ ಹೋದರು. ತಿಮ್ಮಕ್ಕ 2025ರ ನವೆಂಬರ್‌ವರೆಗೂ ಇದ್ದರು. ಆ ಮರಗಳಲ್ಲಿ ಇರುವುದು ತಾಯಿ ಪ್ರೀತಿಯೋ ಗಂಡ ಹೆಂಡತಿ ಪ್ರೀತಿಯೋ, ನೀವೇ ಹೇಳಿ.

ದೇವರ ಮೇಲಿನ ಪ್ರೀತಿಯನ್ನೂ ಕೇಳಿದ್ದೀರಿ. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನೇ ನನ್ನ ಗಂಡ ಅಂತ ಉಡುತಡಿ ಬಿಟ್ಟು ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದಳು. ಅದರ ಬಗ್ಗೆ ಮಾತಾಡುವಷ್ಟು ದೊಡ್ಡವಳಲ್ಲ ನಾನು.

ನಿಮ್ಮಣ್ಣನ ವಿಷಯಕ್ಕೆ ಬಂದರೆ, ಫೋನ್ ಮಾಡಲ್ಲ ಅನ್ನುವ ಬೇಜಾರನ್ನು ಅವರ ಹತ್ತಿರವೇ ಹೇಳಿ. ಕೆಲವರಿಗೆ ಸುಮ್ನೆ ಫೋನ್ ಮಾಡಿ ಏನು ಮಾತಾಡಬೇಕು ಅಂತಲೇ ಗೊತ್ತಾಗಲ್ಲ. ನಮ್ಮ ಮಾವ ಈಗಲೂ "ಮಳೆ ಬಂತಾ" ಅಂತ ಕೇಳಿ ಇಟ್ಟುಬಿಡುತ್ತಾರೆ. ಮುಂದಿನ ಹಬ್ಬಕ್ಕೆ ನಿಮ್ಮಣ್ಣ ಬಂದಾಗ ಬರೀ ಕಾಫಿ ಕೊಟ್ಟು ಕಳಿಸಬೇಡಿ, ಊಟಕ್ಕೆ ಕೂರಿಸಿ. ಸೀರೆ ಜೊತೆ ಯಾವುದಾದರೂ ಪತ್ರ ತಂದಿದ್ದರೆ ಮಾತ್ರ, ಪೂರ್ತಿ ಓದಿ ಆಮೇಲೆ ಸೈನ್ ಹಾಕಿ.