ಆಲ್ಕಲೈನ್ ಬ್ಯಾಟರಿ ಕಂಡುಹಿಡಿದವರು ಯಾರು? ಬೆಂಕಿ ಇಲ್ಲದೆ ಊಟ ಬಿಸಿ ಮಾಡುವ ಪೊಟ್ಟಣದೊಳಗೂ ಬ್ಯಾಟರಿ ಇರುತ್ತದಾ?

ನಿಮ್ಮ ಎರಡನೇ ಪ್ರಶ್ನೆಗೇ ಮೊದಲು ಉತ್ತರ ಹೇಳಿಬಿಡುತ್ತೇನೆ. ಹೌದು, ಇರುತ್ತದೆ. ಒಂದಲ್ಲ, ಲೆಕ್ಕಕ್ಕೆ ಸಿಗದಷ್ಟು. ಆದರೆ ಎಲ್ಲವೂ ಬೇಕಂತಲೇ ಶಾರ್ಟ್ ಮಾಡಿಟ್ಟ ಬ್ಯಾಟರಿಗಳು. ಸುಮ್ನೆ ಮಾತಿಗೆ ಹೇಳುತ್ತಿಲ್ಲ. ಅಂಥ ಪೊಟ್ಟಣದ ಒಂದು ಹಳೇ ಪೇಟೆಂಟಿನ ಹೆಸರಲ್ಲೇ ‘ಎಲೆಕ್ಟ್ರೋಕೆಮಿಕಲ್ ಹೀಟರ್’ ಅಂತ ಇದೆ.

ನಾನು ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಬ್ಯಾಟರಿ, ತುಕ್ಕು ಎರಡೂ ಒಂದೇ ಪಾಠದಲ್ಲಿ ಬರುತ್ತವೆ. ಮಕ್ಕಳು ಬ್ಯಾಟರಿಯನ್ನು ಬಾಯಿಪಾಠ ಮಾಡಿಕೊಳ್ಳುತ್ತಾರೆ, ತುಕ್ಕನ್ನು ಪರೀಕ್ಷೆ ಹಿಂದಿನ ರಾತ್ರಿಗೆ ಬಿಡುತ್ತಾರೆ. ಎರಡೂ ಒಂದೇ ಕೆಲಸ ಅಂತ ಅವರಿಗೆ ಹೊಳೆಯುವುದೇ ಇಲ್ಲ. ಅದಕ್ಕೇ ನಿಮ್ಮ ಪ್ರಶ್ನೆ ನೋಡಿ ಖುಷಿಯಾಯಿತು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹಳೇ ಶೆಲ್ಲಿನಿಂದ ಶುರು ಮಾಡೋಣ. ನಮ್ಮ ಕಡೆ ಬ್ಯಾಟರಿ ಅಂದರೆ ಟಾರ್ಚು, ಅದರೊಳಗೆ ಹಾಕುವುದು ಶೆಲ್ಲು. ನಮ್ಮ ಅಜ್ಜನ ಹತ್ತಿರ ಮೂರು ಶೆಲ್ಲಿನ ಉದ್ದನೆಯ ಬ್ಯಾಟರಿ ಇತ್ತು. ರಾತ್ರಿ ತೋಟಕ್ಕೆ ನೀರು ಕಟ್ಟಲು ಹೋಗುವಾಗ ಅದು ಬೇಕೇ ಬೇಕು. ಬೆಳಕು ಮಂಕಾದರೆ ಅಜ್ಜ ಶೆಲ್ಲು ತೆಗೆದು ಅಂಗಳದಲ್ಲಿ ಸಂಡಿಗೆ ಪಕ್ಕ ಬಿಸಿಲಿಗೆ ಇಡುತ್ತಿದ್ದರು. ಸಂಜೆ ಹಾಕಿದರೆ ಮತ್ತೆ ಸ್ವಲ್ಪ ಹೊತ್ತು ಉರಿಯುತ್ತಿತ್ತು. ಇದು ಮೂಢನಂಬಿಕೆ ಅಲ್ಲ. ಸುಮ್ಮನೆ ಬಿಟ್ಟರೆ ಒಳಗಿನ ಪೇಸ್ಟು ಸಾವರಿಸಿಕೊಳ್ಳುತ್ತದೆ, ಬಿಸಿಯಾದರೆ ಕರೆಂಟಿಗೆ ಅಡ್ಡಿ ಕಡಿಮೆಯಾಗುತ್ತದೆ. ಶೆಲ್ಲಿಗೆ ಹೊಸ ಜೀವ ಬರುವುದಿಲ್ಲ, ಒಳಗೆ ಉಳಿದದ್ದು ಹೊರಗೆ ಬರುತ್ತದೆ ಅಷ್ಟೇ.

ಅದು ಜಿಂಕ್-ಕಾರ್ಬನ್ ಶೆಲ್ಲು. 1866ರಲ್ಲಿ ಫ್ರಾನ್ಸಿನ ಲೆಕ್ಲಾಂಶೆ ಮಾಡಿದ ಒದ್ದೆ ಸೆಲ್ಲನ್ನು 1886ರಲ್ಲಿ ಜರ್ಮನಿಯ ಗಾಸ್ನರ್ ಒಣ ಸೆಲ್ ಮಾಡಿದ. ನಡುವೆ ಕಾರ್ಬನ್ ಕಡ್ಡಿ, ಸುತ್ತ ಮ್ಯಾಂಗನೀಸ್ ಡೈಆಕ್ಸೈಡಿನ ಕಪ್ಪು ಪುಡಿ, ಹೊರಗೆ ಸತುವಿನ ಡಬ್ಬಿ. ಗಮನಿಸಿ, ಆ ಡಬ್ಬಿಯೇ ಇಲ್ಲಿ ಸೌದೆ. ಕರೆಂಟು ಕೊಡುತ್ತಾ ಕೊಡುತ್ತಾ ಅದೇ ಕರಗುತ್ತದೆ. ಕೊನೆಗೆ ತೂತು ಬಿದ್ದು ಅಜ್ಜನ ಟಾರ್ಚಿನ ಸ್ಪ್ರಿಂಗು ಹಾಳು. ಎರಡು ಟಾರ್ಚು ಹೀಗೇ ಹೋದವು.

ಈಗ ನಿಮ್ಮ ಮೊದಲನೇ ಪ್ರಶ್ನೆ. ಎಲ್ಲ ಕಡೆ ಸಿಗುವ ಹೆಸರು ಲೂಯಿಸ್ ಅರ್ರಿ. ಕೆನಡಾದ ಒಂಟಾರಿಯೊದಲ್ಲಿ 1927ರಲ್ಲಿ ಹುಟ್ಟಿದವರು, 1950ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಮುಗಿಸಿ ಎವರೆಡಿ ಕಂಪನಿ ಸೇರಿದರು. 1955ರಲ್ಲಿ ಕಂಪನಿ ಅವರನ್ನು ಅಮೆರಿಕದ ಒಹಾಯೊ ರಾಜ್ಯದ ಪಾರ್ಮಾದಲ್ಲಿದ್ದ ಲ್ಯಾಬಿಗೆ ಕಳಿಸಿತು. ಕೆಲಸ ಏನು ಗೊತ್ತಾ? ಜಿಂಕ್-ಕಾರ್ಬನ್ ಶೆಲ್ಲು ಇನ್ನೂ ಸ್ವಲ್ಪ ಹೆಚ್ಚು ದಿನ ಬಾಳುವ ಹಾಗೆ ಮಾಡುವುದು. ಆಗ ಮಕ್ಕಳ ಆಟಿಕೆಗಳಿಗೆ ಮೋಟಾರು ಬರುತ್ತಿದ್ದ ಕಾಲ, ಶೆಲ್ಲು ಬೇಗ ಬೇಗ ಮುಗಿಯುತ್ತಿತ್ತು.

ಅರ್ರಿ ಕೊಟ್ಟ ಕೆಲಸ ಬಿಟ್ಟು ಬೇರೆ ದಾರಿ ಹಿಡಿದರು. ಹಳೇದನ್ನು ರಿಪೇರಿ ಮಾಡುವುದಕ್ಕಿಂತ ಹೊಸದು ಮಾಡುವುದೇ ವಾಸಿ ಅಂತ ಅವರ ಲೆಕ್ಕ. ಕ್ಷಾರದ ದ್ರಾವಣ ಬಳಸಿ (ಆಲ್ಕಲೈನ್ ಅಂದರೆ ಕ್ಷಾರದ್ದು ಅಂತಲೇ ಅರ್ಥ), ಸತು ಮತ್ತು ಮ್ಯಾಂಗನೀಸ್ ಡೈಆಕ್ಸೈಡ್ ಇಟ್ಟು ನೋಡಿದರು. ಮೊದಮೊದಲು ಬೇಕಾದಷ್ಟು ಕರೆಂಟು ಬರಲಿಲ್ಲ. ಕೊನೆಗೆ ಕೈ ಹಿಡಿದದ್ದು ಸತುವಿನ ಪುಡಿ. ಬೆಲ್ಲದ ಅಚ್ಚು ನೀರಲ್ಲಿ ಕರಗಲು ಎಷ್ಟು ಹೊತ್ತು, ಪುಡಿ ಬೆಲ್ಲ ಎಷ್ಟು ಹೊತ್ತು? ಅದೇ ಲೆಕ್ಕ. ಪುಡಿ ಮಾಡಿದರೆ ದ್ರಾವಣ ಮುಟ್ಟುವ ಜಾಗ ಎಷ್ಟೋ ಪಟ್ಟು ಜಾಸ್ತಿ, ಕರೆಂಟೂ ಜಾಸ್ತಿ.

ಮೇಲಿನವರನ್ನು ಒಪ್ಪಿಸಲು ಅವರು ಮಾಡಿದ ಉಪಾಯ ನನಗೆ ತುಂಬಾ ಇಷ್ಟ. ಎರಡು ಆಟಿಕೆ ಕಾರು ತೆಗೆದುಕೊಂಡು ಒಂದಕ್ಕೆ ಹಳೇ ಶೆಲ್ಲು, ಇನ್ನೊಂದಕ್ಕೆ ತಮ್ಮ ಹೊಸದು ಹಾಕಿ ಆಫೀಸಿನ ಕ್ಯಾಂಟೀನಿನ ನೆಲದ ಮೇಲೆ ಬಿಟ್ಟರು. ಹಳೇ ಶೆಲ್ಲಿನ ಕಾರು ಬೇಗ ಸುಸ್ತಾಗಿ ನಿಂತಿತು. ಹೊಸದು ಕ್ಯಾಂಟೀನಿನ ಈ ತುದಿಯಿಂದ ಆ ತುದಿಗೆ ಓಡುತ್ತಲೇ ಇತ್ತು. ಲ್ಯಾಬಿನವರೆಲ್ಲ ಕೆಲಸ ಬಿಟ್ಟು ಬಂದು ನೋಡಿದರಂತೆ. ಹತ್ತು ಗ್ರಾಫ್ ತೋರಿಸಿದ್ದರೂ ಇಷ್ಟು ಕೆಲಸ ಆಗುತ್ತಿರಲಿಲ್ಲ. 1957ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1960ರಲ್ಲಿ ಸಿಕ್ಕಿತು. ಅಷ್ಟರಲ್ಲಿ ಬ್ಯಾಟರಿ ಅಂಗಡಿಗೂ ಬಂದಿತ್ತು. 1999ರಲ್ಲಿ ತಮ್ಮ ಮೊದಲ ಮಾದರಿಯನ್ನು ಅರ್ರಿ ಸ್ಮಿತ್ಸೋನಿಯನ್ ಸಂಸ್ಥೆಯ ಮ್ಯೂಸಿಯಮ್ಮಿಗೆ ಕೊಟ್ಟರು. 2004ರಲ್ಲಿ ತೀರಿಕೊಂಡರು.

ಹಾಗಂತ ‘ಅರ್ರಿ ಒಬ್ಬರೇ ಕಂಡುಹಿಡಿದರು’ ಅಂತ ಬರೆದರೆ ನಾನು ಪೂರ್ತಿ ಮಾರ್ಕ್ಸ್ ಕೊಡುವುದಿಲ್ಲ. ಆ ಪೇಟೆಂಟಿನಲ್ಲಿ ಮೂರು ಹೆಸರಿವೆ: ಅರ್ರಿ, ಮಾರ್ಸಲ್, ಕಾರ್ಲ್ ಕೊರ್ಡೆಶ್. ಕ್ಷಾರದ ಬ್ಯಾಟರಿ ಅನ್ನುವುದು ಅದಕ್ಕಿಂತ ಹಳೇ ಮಾತು. ಸ್ವೀಡನ್ನಿನ ಯುಂಗ್ನರ್ 1899ರಲ್ಲೇ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಮಾಡಿದ್ದರು, ಎಡಿಸನ್ ನಿಕಲ್-ಕಬ್ಬಿಣದ್ದು ಮಾಡಿದ್ದರು. ಎರಡರಲ್ಲೂ ಕ್ಷಾರವೇ. ಎರಡನೇ ಮಹಾಯುದ್ಧದಲ್ಲಿ ಸ್ಯಾಮ್ಯುಯೆಲ್ ರೂಬೆನ್ ಮಾಡಿದ ಪಾದರಸದ ಸೆಲ್ಲಿನಲ್ಲೂ ಕ್ಷಾರ ಇತ್ತು. ಅಗ್ಗದ ಸಾಮಾನಿನಲ್ಲಿ, ಮನೆಮನೆಗೆ ಹೋಗುವಂಥದ್ದನ್ನು ಮಾಡಿದ್ದು ಪಾರ್ಮಾದವರ ಸಾಧನೆ. ಅಂದಹಾಗೆ, ವಿಯೆನ್ನಾದಿಂದ ಬಂದ ಕೊರ್ಡೆಶ್ ಮುಂದೆ 1970ರ ಸುಮಾರಿಗೆ ತಮ್ಮ ಆಸ್ಟಿನ್ ಕಾರಿನ ತಲೆ ಮೇಲೆ ಹೈಡ್ರೋಜನ್ ಸಿಲಿಂಡರು ಕಟ್ಟಿಕೊಂಡು ಅದರಿಂದ ಕರೆಂಟು ಮಾಡುವ ಫ್ಯೂಯೆಲ್ ಸೆಲ್ಲಿನಲ್ಲಿ ಊರೆಲ್ಲಾ ಓಡಾಡಿದರು. ಅದು ಇನ್ನೊಂದು ದಿನದ ಕತೆ.

ಆಲ್ಕಲೈನ್ ಶೆಲ್ಲಿನ ಒಳಗೆ ಹಳೇದರ ಉಲ್ಟಾ. ಸತುವಿನ ಪುಡಿ ಗಂಜಿಯ ಹಾಗೆ ನಡುವೆ, ಅದಕ್ಕೆ ಚುಚ್ಚಿದ ಹಿತ್ತಾಳೆ ಮೊಳೆ. ಹೊರಗಡೆ ಮ್ಯಾಂಗನೀಸ್ ಡೈಆಕ್ಸೈಡ್, ಅದರಾಚೆ ಉಕ್ಕಿನ ಡಬ್ಬಿ. ಇಲ್ಲಿ ಡಬ್ಬಿ ಸೌದೆಯಲ್ಲ, ಬರೀ ಪಾತ್ರೆ. ನಡುವೆ ತೆಳ್ಳಗಿನ ಕಾಗದದಂಥ ಒಂದು ಗೋಡೆ. ಸತು ಎಲೆಕ್ಟ್ರಾನ್ ಬಿಡಲು ಕಾಯುತ್ತಿರುತ್ತದೆ, ಮ್ಯಾಂಗನೀಸ್ ತೆಗೆದುಕೊಳ್ಳಲು ಕಾಯುತ್ತಿರುತ್ತದೆ. ಗೋಡೆ ಇರುವುದರಿಂದ ನೇರವಾಗಿ ದಾಟುವಂತಿಲ್ಲ. ಮೊಳೆ ಹತ್ತಿ, ಹೊರಗೆ ಬಂದು, ತಂತಿ ಹಿಡಿದು, ಆಟಿಕೆಯ ಮೋಟಾರು ಸುತ್ತಿಸಿ, ಆಮೇಲೆ ಆ ಕಡೆ ಸೇರಬೇಕು. ಈ ಸುತ್ತುಬಳಸು ದಾರಿಯೇ ಬ್ಯಾಟರಿ.

ದಾರಿ ಅಡ್ಡ ಬಿದ್ದರೆ? ಇದನ್ನು ನಾನು ಓದಿ ಕಲಿತದ್ದಲ್ಲ. ಒಮ್ಮೆ ಲ್ಯಾಬಿಗೆ ಅಂತ 9 ವೋಲ್ಟಿನ ಚೌಕ ಬ್ಯಾಟರಿ ಕೊಂಡು ಪ್ಯಾಂಟಿನ ಜೇಬಿಗೆ ಹಾಕಿದೆ. ಅದೇ ಜೇಬಲ್ಲಿ ಬೀಗದ ಕೈ ಗೊಂಚಲು. ಬಸ್ಸಿನಲ್ಲಿ ನಿಂತಿದ್ದೇನೆ, ತೊಡೆ ಚುರ್ ಅಂದಿತು. ತೆಗೆದು ನೋಡಿದರೆ ಬ್ಯಾಟರಿ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ. ಬೀಗದ ಕೈ ಅದರ ಎರಡೂ ಗುಬ್ಬಿಗಳನ್ನು ಸೇರಿಸಿಬಿಟ್ಟಿತ್ತು. ಮೋಟಾರು ಇಲ್ಲ, ಬಲ್ಬು ಇಲ್ಲ, ಶಕ್ತಿಯೆಲ್ಲ ಶಾಖವಾಯಿತು. ಪಕ್ಕದವರು ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ. ನಿಮ್ಮ ಬೆಂಕಿಯಿಲ್ಲದ ಹೀಟರ್ ಅಂದರೆ ಇದೇ.

ಹಾಗಾದರೆ ಬ್ಯಾಟರಿಯಲ್ಲೇ ಊಟ ಬಿಸಿ ಮಾಡಬಾರದಾ? ಲೆಕ್ಕ ಹಾಕಿ ನೋಡೋಣ. ಒಂದು ಡಬಲ್-ಎ ಆಲ್ಕಲೈನ್ ಸೆಲ್ಲಿನಲ್ಲಿ ನಿಧಾನವಾಗಿ ತೆಗೆದರೆ ಸುಮಾರು 3 ವಾಟ್-ಅವರ್ ಸಿಗುತ್ತದೆ, ಅಂದರೆ 10,800 ಜೂಲ್. 150 ಮಿಲಿ ನೀರನ್ನು 25ರಿಂದ 90 ಡಿಗ್ರಿಗೆ ತರಲು ಸುಮಾರು 41,000 ಜೂಲ್ ಬೇಕು. ಒಂದು ಲೋಟ ಚಹಾಕ್ಕೆ ನಾಲ್ಕು ಸೆಲ್ಲು! ತೂಕ 90 ಗ್ರಾಂ ಮೇಲೆ. ಬೆನ್ನ ಮೇಲೆ ಮೂಟೆ ಹೊರುವ ಸೈನಿಕನಿಗೆ ಇದು ಆಗದ ಮಾತು. ಅದೇ 41,000 ಜೂಲ್ ಮೆಗ್ನೀಷಿಯಂ ಪುಡಿಯಲ್ಲಿ 3 ಗ್ರಾಮಿಗೇ ಸಿಗುತ್ತದೆ. ಬ್ಯಾಟರಿ ತನ್ನ ಮ್ಯಾಂಗನೀಸು, ಡಬ್ಬಿ, ಕ್ಷಾರ ಎಲ್ಲವನ್ನೂ ಹೊತ್ತುಕೊಂಡೇ ಬರಬೇಕು. ಮೆಗ್ನೀಷಿಯಮ್ಮಿಗೆ ನೀರು ಸಾಕು, ಅದನ್ನು ಅಲ್ಲೇ ಸುರಿಯಬಹುದು.

ಆದರೆ ಬರೀ ಮೆಗ್ನೀಷಿಯಮ್ಮನ್ನು ನೀರಿಗೆ ಹಾಕಿದರೆ ಹೆಚ್ಚೇನೂ ಆಗುವುದಿಲ್ಲ. ಮೇಲೆ ಒಂದು ಪೊರೆ ಕಟ್ಟಿಕೊಂಡು ಸುಮ್ಮನಾಗುತ್ತದೆ. ಇದಕ್ಕೆ ಮದ್ದು ಹುಡುಕಿದ್ದು ಅಮೆರಿಕದ ನೌಕಾಪಡೆಯವರು. ತಣ್ಣನೆ ಸಮುದ್ರದೊಳಗೆ ಇಳಿಯುವ ಮುಳುಗುಗಾರರಿಗೆ ಶಾಖ ಬೇಕಿತ್ತು. ಮೆಗ್ನೀಷಿಯಂ ಜೊತೆ ಸ್ವಲ್ಪ ಕಬ್ಬಿಣದ ಪುಡಿ ಸೇರಿಸಿ, ಗುಂಡು ಹಾಕಿದ ಡ್ರಮ್ಮಿನಲ್ಲಿ ಅರೆದರು. ಮೆಗ್ನೀಷಿಯಮ್ಮಿನ ಕಣಕಣದ ಮೇಲೂ ಕಬ್ಬಿಣ ಅಂಟಿಕೊಂಡಿತು. ಉಪ್ಪುನೀರು ಬಿದ್ದರೆ ಪ್ರತಿ ಕಣವೂ ಒಂದು ಪುಟ್ಟ ಬ್ಯಾಟರಿ, ಹುಟ್ಟಿನಿಂದಲೇ ಶಾರ್ಟ್ ಆದದ್ದು. ಮೆಗ್ನೀಷಿಯಂ ಎಲೆಕ್ಟ್ರಾನ್ ಬಿಡುತ್ತದೆ, ಕಬ್ಬಿಣ ಅದನ್ನು ನೀರಿಗೆ ದಾಟಿಸುತ್ತದೆ, ಹೈಡ್ರೋಜನ್ ಹೊರಡುತ್ತದೆ, ಶಾಖ ಉಳಿಯುತ್ತದೆ. ಉಪ್ಪಿನ ಕೆಲಸ ಪೊರೆ ಹರಿಯುವುದು. ಹಡಗಿನ ತಗಡನ್ನು ತಿನ್ನುವ ಸವಕಳಿಯೇ ಇದು. ಅಲ್ಲಿ ಅದನ್ನು ತಡೆಯಲು ಹೆಣಗುತ್ತಾರೆ, ಇಲ್ಲಿ ಓಡಲಿ ಅಂತ ಬೆನ್ನು ತಟ್ಟಿದ್ದಾರೆ.

ಸಿನ್ಸಿನಾಟಿ ವಿಶ್ವವಿದ್ಯಾಲಯದವರು ಈ ಪುಡಿಯನ್ನು ಪ್ಲಾಸ್ಟಿಕ್ ಪುಡಿ ಜೊತೆ ಸೇರಿಸಿ ಚಪ್ಪಟೆ ಹಾಳೆ ಮಾಡಿದರು. ನಾನು ಮೊದಲೇ ಹೇಳಿದ ಪೇಟೆಂಟು ಅದೇ, 1985ರದು. ಮ್ಯಾಸಚೂಸೆಟ್ಸಿನ ನೇಟಿಕ್‌ನಲ್ಲಿರುವ ಸೇನೆಯ ಪ್ರಯೋಗಾಲಯ ಅದನ್ನು ಸೈನಿಕರ ಊಟದ ಪೊಟ್ಟಣಕ್ಕೆ ಒಗ್ಗಿಸಿತು. 1990ರ ದಶಕದಲ್ಲಿ ಅದು ಪ್ರತಿ ಊಟದ ಜೊತೆ ಬರತೊಡಗಿತು. ಸುಮಾರು 230 ಗ್ರಾಂ ಊಟವನ್ನು 12 ನಿಮಿಷದಲ್ಲಿ 55 ಡಿಗ್ರಿಯಷ್ಟು ಏರಿಸಬೇಕು ಅನ್ನುವುದು ಅವರ ಲೆಕ್ಕ. ಇಂಥ ಪೊಟ್ಟಣದ ಊಟದ ಮೇಲೆ ನಮ್ಮ ಮೈಸೂರಿನ ಡಿಎಫ್‌ಆರ್‌ಎಲ್ (ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ) ಕೂಡ ದಶಕಗಳಿಂದ ಕೆಲಸ ಮಾಡುತ್ತಿದೆ.

ಅಮೆರಿಕದಿಂದ ಬಂದ ನೆಂಟರೊಬ್ಬರು ನನಗೆ ಅಂಥ ಒಂದು ಹೀಟರ್ ಚೀಲ ತಂದುಕೊಟ್ಟಿದ್ದರು. ಬಾಲ್ಕನಿಯಲ್ಲಿ ಬಿಚ್ಚಿದೆ. ಹಸಿರು ಪ್ಲಾಸ್ಟಿಕ್ ಚೀಲ, ತಳದಲ್ಲಿ ಬಿಸ್ಕತ್ತಿನಷ್ಟು ದಪ್ಪದ ಬೂದು ಹಾಳೆ. ಗೆರೆ ತನಕ ನೀರು ಹಾಕಬೇಕು, ಮೂರ್ನಾಲ್ಕು ಚಮಚದಷ್ಟು. ಆಮೇಲೆ ಚೀಲವನ್ನು ಓರೆಯಾಗಿ ಒರಗಿಸಿಡಬೇಕು. ಯಾವುದಕ್ಕೆ ಒರಗಿಸಬೇಕು ಅಂತ ತೋರಿಸುವ ಚಿತ್ರದಲ್ಲಿ ‘ಕಲ್ಲು-ಗಿಲ್ಲು ಏನಾದರೂ’ ಅಂತ ಬರೆದಿದೆ! ಸರ್ಕಾರಿ ಸಾಮಾನಿನ ಮೇಲೆ ಇಷ್ಟು ಮನುಷ್ಯರ ಹಾಗೆ ಮಾತಾಡಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ನಾನು ತುಳಸಿ ಕುಂಡಕ್ಕೆ ಒರಗಿಸಿದೆ. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಬುಸ್ ಅಂತ ಶುರುವಾಯಿತು. ಚೀಲ ಪೂರಿಯ ಹಾಗೆ ಉಬ್ಬಿತು, ಬಾಯಿಂದ ಹಬೆ. ಒಳಗಿಟ್ಟಿದ್ದ ಪೊಟ್ಟಣದ ಪೊಂಗಲ್ ತಿನ್ನುವಷ್ಟು ಬಿಸಿಯಾಯಿತು. ರುಚಿ ಬಗ್ಗೆ ಏನೂ ಹೇಳುವುದಿಲ್ಲ.

ಆ ಹಬೆಯಲ್ಲಿ ಹೈಡ್ರೋಜನ್ ಇದೆ, ಮರೆಯಬೇಡಿ. ಒಂದು ಗ್ರಾಂ ಮೆಗ್ನೀಷಿಯಮ್ಮಿಗೆ ಹತ್ತಿರ ಹತ್ತಿರ ಒಂದು ಲೀಟರ್. ಹತ್ತಿರ ಗ್ಯಾಸ್ ಒಲೆ, ದೀಪ, ಬೀಡಿ ಏನೂ ಇರಬಾರದು. ಕಿಟಕಿ ಮುಚ್ಚಿದ ಕೋಣೆಯಲ್ಲಂತೂ ಬೇಡ.

ಇದೇ ಹೈಡ್ರೋಜನ್ ಆಲ್ಕಲೈನ್ ಶೆಲ್ಲಿನ ಹಳೇ ಕಾಯಿಲೆ ಕೂಡ. ಸತುವಿನ ಪುಡಿ ಸುಮ್ಮನೆ ಕೂತಿದ್ದರೂ ನೀರಿನ ಜೊತೆ ಕದ್ದುಮುಚ್ಚಿ ಅದನ್ನು ಬಿಡುತ್ತಿರುತ್ತದೆ. ಮೊದಲು ಇದನ್ನು ತಡೆಯಲು ಪಾದರಸ ಸೇರಿಸುತ್ತಿದ್ದರು. 1990ರ ದಶಕದಲ್ಲಿ ಪಾದರಸ ಬಿಟ್ಟು ಇಂಡಿಯಂ, ಬಿಸ್ಮತ್ ಬಳಸತೊಡಗಿದರು. ಆದರೂ ಮುಗಿದ ಶೆಲ್ಲನ್ನು ರಿಮೋಟಿನಲ್ಲೇ ಮರೆತರೆ ಒಳಗೆ ಗ್ಯಾಸು ತುಂಬಿ ಕ್ಷಾರ ಹೊರಗೆ ಬರುತ್ತದೆ. ಗಾಳಿ ಸೋಕಿ ಬಿಳಿ ಹುಡಿಯಾಗುತ್ತದೆ. ಅದಕ್ಕೆ ಹತ್ತಿಯಲ್ಲಿ ಒಂದು ಹನಿ ನಿಂಬೆರಸ ಮುಟ್ಟಿಸಿ, ನೊರೆ ಬಂದು ಕರಗುತ್ತದೆ. ಬರೀ ಕೈಯಲ್ಲಿ ಮುಟ್ಟಬೇಡಿ.

ಚಾರಣಕ್ಕೆ ಹೋಗುವವರು ಕೈಯಲ್ಲಿ ಹಿಡಿಯುವ ಬಿಸಿ ಪೊಟ್ಟಣದಲ್ಲಿರುವುದು ಕಬ್ಬಿಣದ ಪುಡಿ, ಇದ್ದಿಲು, ಉಪ್ಪು, ಒಂಚೂರು ನೀರು. ಅದು ಗಾಳಿ ತಗುಲಿ ತುಕ್ಕು ಹಿಡಿಯುತ್ತದೆ, ನಿಧಾನವಾಗಿ, ಗಂಟೆಗಟ್ಟಲೆ. ಅದೂ ಶಾರ್ಟ್ ಆದ ಬ್ಯಾಟರಿಯೇ. ಜಪಾನಿನ ನೀಚಿ ಮಾತೋಬಾ 1923ರಲ್ಲಿ ಮಾಡಿದ ‘ಹಕ್ಕಿನ್ ಕೈರೊ’ ಮಾತ್ರ ಬೇರೆ ಜಾತಿ. ಅದರಲ್ಲಿ ಪೆಟ್ರೋಲಿನಂಥ ಹಗುರ ಎಣ್ಣೆಯ (ನಾಫ್ತಾ) ಆವಿ ಪ್ಲಾಟಿನಂ ಮೇಲೆ ಜ್ವಾಲೆಯಿಲ್ಲದೆ ಉರಿಯುತ್ತದೆ. ಹಕ್ಕಿನ್ ಅಂದರೆ ಅವರ ಭಾಷೆಯಲ್ಲಿ ಪ್ಲಾಟಿನಂ, ನಮ್ಮ ಹಕ್ಕಿಗೂ ಅದಕ್ಕೂ ಸಂಬಂಧ ಇಲ್ಲ. ಸುಣ್ಣದ ಕಲ್ಲಿಗೆ ನೀರು ಹಾಕಿ ಬಿಸಿ ಮಾಡುವ ಡಬ್ಬಿಗಳೂ ಇವೆ. ಅಲ್ಲಿ ಎಲೆಕ್ಟ್ರಾನ್ ಕೈ ಬದಲಾಗುವುದೇ ಇಲ್ಲ. ಶಾಖವೂ ಕಡಿಮೆ, ಗ್ರಾಮಿಗೆ 1 ಕಿಲೋಜೂಲಿಗಿಂತ ಸ್ವಲ್ಪ ಜಾಸ್ತಿ. ಮೆಗ್ನೀಷಿಯಂ 14 ಕೊಡುತ್ತದೆ.

ಬಾಲ್ಕನಿಯ ಚೀಲ ತಣ್ಣಗಾದ ಮೇಲೆ ತಳದಲ್ಲಿ ಬೂದು ಬಣ್ಣದ ಕೆಸರು ಉಳಿದಿತ್ತು. ಮರುದಿನ ಕ್ಲಾಸಿಗೆ ತೆಗೆದುಕೊಂಡು ಹೋಗಿ ತೋರಿಸಿದೆ. ಇದರಲ್ಲಿ ಹೆಚ್ಚಿನದು ಮೆಗ್ನೀಷಿಯಂ ಹೈಡ್ರಾಕ್ಸೈಡ್, ಎದೆ ಉರಿಗೆ ಕುಡಿಯುವ ಬಿಳಿ ಔಷಧಿಯಲ್ಲೂ ಅದೇ ಇರುತ್ತದೆ ಅಂದೆ. ಹಿಂದಿನ ಬೆಂಚಿನಿಂದ ಒಬ್ಬ ಕೈ ಎತ್ತಿದ. “ಸರ್, ಹಾಗಾದ್ರೆ ಊಟ ಬಿಸಿ ಮಾಡ್ಕೊಂಡು, ಗ್ಯಾಸ್ಟ್ರಿಕ್ ಆದ್ರೆ ಇದನ್ನೇ ಕುಡೀಬಹುದಾ?” ಬೇಡಪ್ಪಾ, ಅದರಲ್ಲಿ ಕಬ್ಬಿಣ, ಪ್ಲಾಸ್ಟಿಕ್ ಪುಡಿ ಎಲ್ಲಾ ಇದೆ ಅಂತ ಹೇಳಿ ಚೀಲವನ್ನು ವಾಪಸ್ ಬ್ಯಾಗಿಗೆ ಹಾಕಿಕೊಂಡೆ.