ಕೌದಿಗೆ ಯಾವ ದಾರ?

ಪ್ರಶ್ನೆ: ಹಳೆಯ ಹತ್ತಿ ಸೀರೆಗಳನ್ನು ಪದರವಾಗಿಟ್ಟು ಮೆಷಿನ್ನಿನಲ್ಲಿ ಕೌದಿ ಹೊಲಿಯುತ್ತಿದ್ದೇನೆ. ಮೇಲಿನ ದಾರ ಪದೇ ಪದೇ ತುಂಡಾಗುತ್ತದೆ. ಹತ್ತಿಯ ದಾರ ಬಿಟ್ಟು ಪಾಲಿಯೆಸ್ಟರ್ ಬಳಸಬಹುದೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಬಳಸಬಹುದು. ಪಾಲಿಯೆಸ್ಟರ್ ದಾರವು ಹತ್ತಿಯದಕ್ಕಿಂತ ಗಟ್ಟಿ. ಮಳೆಗಾಲದಲ್ಲಿ ಒಗೆದ ಬಟ್ಟೆ ದಿನಗಟ್ಟಲೆ ಒಣಗದ ನಿಮ್ಮ ಊರಿನಲ್ಲಿ ಅದು ತೇವಕ್ಕೆ ಜಗ್ಗುವುದಿಲ್ಲ ಎಂಬುದೂ ಅನುಕೂಲವೇ. ಆದರೂ ಸವೆದ ಸೀರೆಗೆ ನನ್ನ ಒಲವು ಹತ್ತಿಯ ದಾರದ ಕಡೆಗೇ: ಎಳೆತ ಬಿದ್ದಾಗ ದಾರ ಹರಿದರೆ ಮತ್ತೆ ಹೊಲಿಯಬಹುದು, ಬಟ್ಟೆಯೇ ಹರಿದರೆ ತೇಪೆ ಹಾಕಬೇಕಾಗುತ್ತದೆ.

ದಾರ ಬದಲಿಸುವ ಮುನ್ನ ಸೂಜಿಯನ್ನು ನೋಡಿ. ಉಂಡೆಯ ಮೇಲಿನ ಸಂಖ್ಯೆ ಹೆಚ್ಚಿದಷ್ಟೂ ದಾರ ಸಣ್ಣ. 50ರ ದಾರಕ್ಕೆ 12ನೆಯ ಸೂಜಿ ಸಾಕಾದರೂ 40ರ ದಾರಕ್ಕೆ 14ನೆಯದು ಬೇಕು, ಏಕೆಂದರೆ ಕಿರಿದಾದ ಕಣ್ಣಿನಲ್ಲಿ ದಪ್ಪ ದಾರವು ಹಿಂದೆ ಮುಂದೆ ಉಜ್ಜಿಕೊಂಡು ಎಳೆ ಬಿಚ್ಚಿ ತುಂಡಾಗುತ್ತದೆ. ಸೂಜಿಯ ಬಳಿ ದಾರ ನಾರುನಾರಾಗಿ ಕೆದರಿ ನಿಂತಿದ್ದರೆ ಬಹುಮಟ್ಟಿಗೆ ಇದೇ ಕಾರಣ. ಬಾಬಿನ್ನಿಗೆ 60ರ ಸಣ್ಣ ದಾರ ಸಾಕು. ಕೈಹೊಲಿಗೆಗೆಂದು ಮಾರುವ, ಮೇಣ ಸವರಿದ ದಾರವನ್ನು ಮಾತ್ರ ಮೆಷಿನ್ನಿಗೆ ಹಾಕಬೇಡಿ. ಅದರ ಲೇಪವು ದಾರವನ್ನು ಬಿಗಿಯಾಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ಅಂಟಿಕೊಳ್ಳುತ್ತದೆ.